ನಿಮ್ಮ ಧರ್ಮಕೇಂದ್ರದಲ್ಲಿ, ಅಂದ್ರೆ ನಿಮ್ಮ ಏರಿಯಾ ಚರ್ಚಲ್ಲಿ, ಒಳ್ಳೇದು ಅಂತ ನಿಮಗೆ ಕಾಣೋದು ಏನು? ಬಿಡಿಸಿ ಹೇಳಿ

ಹಿಂದಿನ ಬೆಂಚು ಕೇಳಿದ್ದು:

ಎಲ್ರಿಗೂ ನಮಸ್ಕಾರ. ಸ್ವಲ್ಪ ದಿನದಿಂದ ಒಂದು ವಿಷಯ ತಲೇಲಿ ಓಡ್ತಾ ಇದೆ, ಕೇಳಿಬಿಡೋಣ ಅಂತ. ನಾವು ಕಥೋಲಿಕರು ನಾಕು ಜನ ಸೇರಿದ್ರೆ ಚರ್ಚ್ ವಿಷಯ ಬಂದೇ ಬರತ್ತೆ, ಬಂದ್ರೆ ಹೆಚ್ಚಾಗಿ ದೂರೇ ಇರತ್ತೆ. ಪ್ರಬೋಧನೆ ಉದ್ದ ಆಯ್ತು, ಮೈಕ್ ಸರಿ ಇಲ್ಲ, ಗಾನವೃಂದದವರು ಯಾರಿಗೂ ಗೊತ್ತಿಲ್ಲದ ಹಾಡು ಹಾಡ್ತಾರೆ, ಕೌನ್ಸಿಲ್‌ನಲ್ಲಿ ಯಾವಾಗ್ಲೂ ಅದೇ ಮುಖಗಳು. ಇವೆಲ್ಲ ಸುಳ್ಳು ಅಂತ ನಾನು ಹೇಳ್ತಿಲ್ಲ. ಆದ್ರೆ ಮನೇಲಿ ಯಾರಾದ್ರೂ ಹಾಸಿಗೆ ಹಿಡಿದಾಗ, ಸಾವು ಆದಾಗ, ಮಗು ಹುಟ್ಟಿದಾಗ ನಾವು ಮೊದಲು ಫೋನ್ ಮಾಡೋದು ಅಲ್ಲಿಗೇ ತಾನೆ. ಯಾಕೆ ಅಂತ ಯಾರಾದ್ರೂ ಕೇಳಿದ್ರೆ ನಮ್ಮ ಹತ್ರ ಮಾತಿಲ್ಲ, "ನಮ್ಮ ಚರ್ಚ್ ಚೆನ್ನಾಗಿದೆ" ಅಂತ ಹೇಳಿ ಮುಗಿಸ್ತೀವಿ.

ನನಗೆ ಅನ್ಸಿದ್ದು ಮೊದಲು ಹೇಳ್ತೀನಿ. ನನಗೆ ತುಂಬಾ ದೊಡ್ಡದು ಅನ್ಸೋದು ಏನಂದ್ರೆ ಅಲ್ಲಿರೋ ಜನರನ್ನ ನಾನು ಆರಿಸ್ಕೊಂಡಿಲ್ಲ. ಫ್ರೆಂಡ್ಸ್‌ನ ನಾವೇ ಆರಿಸ್ಕೋತೀವಿ, ವಾಟ್ಸಾಪ್ ಗ್ರೂಪ್ ಬೇಡ ಅನ್ಸಿದ್ರೆ ಹೊರಗೆ ಬರ್ತೀವಿ, ಆಫೀಸಲ್ಲಿ ಹೆಚ್ಚೂಕಮ್ಮಿ ನಮ್ಮಷ್ಟೇ ಓದಿರೋರು ನಮ್ಮ ವಯಸ್ಸಿನೋರೇ ಇರ್ತಾರೆ. ಚರ್ಚಲ್ಲಿ ಹಾಗಲ್ಲ. ನನ್ನ ಪಕ್ಕ ಕೂರೋ ಅಜ್ಜಿಗೆ ಓದೋಕೆ ಬರಲ್ಲ ಆದ್ರೆ ಜಪಸರದಲ್ಲಿ (ರೋಸರಿಯಲ್ಲಿ) ಧ್ಯಾನಿಸೋ ಎಲ್ಲಾ ರಹಸ್ಯಗಳೂ ಕೀರ್ತನೆಗಳೂ ಬಾಯಿಪಾಠ, ಅವ್ರ ಮುಂದೆ ಒಬ್ರು ಡಾಕ್ಟರ್, ಅವ್ರ ಪಕ್ಕದಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಯೂನಿಫಾರ್ಮ್‌ನಲ್ಲೇ ಬಂದಿರೋ ಸೆಕ್ಯೂರಿಟಿಯವರು, ಆಮೇಲೆ ಸುಮ್ನೆ ಕೂರೋಕಾಗದೆ ಇಡೀ ಪೂಜೆ ಓಡಾಡೋ ಒಬ್ಬ ಹುಡುಗ, ಅವನಿಗೆ ಆಟಿಸಂ ಇದೆ, ಅವನು ಬಲಿಪೀಠದ ಹತ್ರ ಹೋದ್ರೂ ಯಾರೂ ಹುಬ್ಬೇರಿಸಲ್ಲ. ರಾಜಕೀಯದಲ್ಲಿ ನನಗೂ ಇವ್ರಲ್ಲಿ ಅರ್ಧ ಜನಕ್ಕೂ ಆಗಿಬರಲ್ಲ. ಆದ್ರೂ ಪರಮಪ್ರಸಾದಕ್ಕೆ, ಅಂದ್ರೆ ಪೂಜೇಲಿ ಕೊಡೋ ಪವಿತ್ರ ರೊಟ್ಟಿಗೆ, ಒಂದೇ ಸಾಲಲ್ಲಿ ನಿಲ್ತೀವಿ. ಇಂಥ ಇನ್ನೊಂದು ಜಾಗ ನನ್ನ ಜೀವನದಲ್ಲಿ ಇಲ್ಲ.

ಅದಕ್ಕೇ ಕೇಳ್ತಾ ಇದೀನಿ, ನಿಮ್ಮ ಧರ್ಮಕೇಂದ್ರದಲ್ಲಿ ನಿಮಗೆ ಒಳ್ಳೇದು ಅಂತ ಕಾಣೋದು ಏನು? "ನಮ್ಮ ಫಾದರ್ ಒಳ್ಳೆಯವರು" ಅಂತ ಒಂದು ಸಾಲಲ್ಲಿ ಹೇಳ್ಬೇಡಿ ದಯವಿಟ್ಟು, ಯಾರು ಏನು ಮಾಡ್ತಾರೆ, ಅದರಿಂದ ಯಾರಿಗೆ ಏನಾಯ್ತು ಅಂತ ಹೇಳಿ. ಇನ್ನೊಂದು, ಅವ್ರಿಗೆ ನೀವು ಥ್ಯಾಂಕ್ಸ್ ಹೇಗೆ ಹೇಳ್ತೀರಿ?

---

ಬಿಳಿಬಟ್ಟೆ ಬರೆದದ್ದು:

ಒಳ್ಳೆ ಪ್ರಶ್ನೆ ಕೇಳಿದ್ರಿ ಅಣ್ಣ. ನಾನು ಸಕ್ರಿಸ್ಟಿಯಲ್ಲಿ (ಪೂಜೆ ಸಾಮಾನು, ಪೂಜಾವಸ್ತ್ರ ಇಡೋ ಕೋಣೆ) ಸಹಾಯಕ್ಕೆ ಹೋಗ್ತೀನಿ, ಹಾಗಾಗಿ ಬೆಂಚಲ್ಲಿ ಕೂತೋರಿಗೆ ಕಾಣದ ಕೆಲಸ ನನಗೆ ಕಾಣತ್ತೆ, ಅದನ್ನೇ ಹೇಳ್ತೀನಿ.

ನಮ್ಮಲ್ಲಿ ಒಬ್ಬರು ವಯಸ್ಸಾದ ಆಂಟಿ ಇದಾರೆ, ಬಲಿಪೀಠದ ಬಟ್ಟೆಗಳನ್ನೆಲ್ಲ ಅವರೇ ಒಗೆಯೋದು. ಬಟ್ಟೆ ಒಗೆಯೋದು ಅಂದ್ರೆ ಮನೆ ಬಟ್ಟೆ ಥರ ಮಷೀನಿಗೆ ಹಾಕೋದಲ್ಲ. ಪಾತ್ರೆ ಒರೆಸಿದ ಬಟ್ಟೆಯಲ್ಲಿ, ಪೀಠದ ಮೇಲೆ ಹಾಸೋ ಚೌಕ ಬಟ್ಟೆಯಲ್ಲಿ ಪರಮಪ್ರಸಾದದ ಕಣ ಅಥವಾ ಪವಿತ್ರ ರಕ್ತ ಆಗಿರೋ ದ್ರಾಕ್ಷಾರಸದ ಹನಿ ಇರಬಹುದು, ಅದಕ್ಕೇ ಮೊದಲು ನೀರಲ್ಲಿ ನೆನೆಸಿಟ್ಟು ಆ ನೀರನ್ನ ಚರಂಡಿಗೆ ಬಿಡದೆ ನೇರವಾಗಿ ಮಣ್ಣಿಗೆ, ಇಲ್ಲಾ ಸಕ್ರಿಸ್ಟಿಯಲ್ಲಿ ಭೂಮಿಗೆ ಹೋಗೋ ಹಾಗೆ ಮಾಡಿರೋ ಬೇಸಿನ್‌ಗೆ ಹಾಕ್ಬೇಕು, ಆಮೇಲೆ ಒಗೆಯೋದು, ಆಮೇಲೆ ಇಸ್ತ್ರಿ, ಆಮೇಲೆ ಮಡಿಕೆ. ಮಡಿಕೆಗೂ ಒಂದು ಲೆಕ್ಕ ಇದೆ, ಚೌಕ ಬಟ್ಟೇನ ಉದ್ದಕ್ಕೆ ಮೂರು ಪಾಲಾಗೋ ಹಾಗೆ, ಅಡ್ಡಕ್ಕೂ ಮೂರು ಪಾಲಾಗೋ ಹಾಗೆ ಮಡಿಸಿ ಒಳಗೆ ಬಿದ್ದಿರೋ ಕಣ ಹೊರಗೆ ಚೆಲ್ಲದ ಹಾಗೆ ಇಡ್ಬೇಕು. ಆಂಟಿ ಇದನ್ನ ಯಾರಿಗೂ ತೋರಿಸ್ದೆ, ಯಾರೂ ಕೇಳದೆ, ಪ್ರತಿ ವಾರ ಮಾಡ್ತಾರೆ. ಮಾಡ್ತಾ ಮಾಡ್ತಾ ಪ್ರಾರ್ಥನೆ ಹೇಳ್ಕೋತಾರೆ. ನಾನು ಪರಮಪ್ರಸಾದದ ಬಗ್ಗೆ ಕ್ಯಾಟೆಕಿಸಂ ಕ್ಲಾಸಲ್ಲಿ ಕಲಿತಿದ್ದಕ್ಕಿಂತ ಹೆಚ್ಚು ಆ ಕೈಗಳನ್ನ ನೋಡಿ ಕಲಿತಿದೀನಿ ಅಂತ ಧೈರ್ಯವಾಗಿ ಹೇಳ್ತೀನಿ.

ಇನ್ನೂ ಇದೆ. ಪರಮಪ್ರಸಾದ ಪೆಟ್ಟಿಗೆ ಮುಂದಿನ ದೀಪ ಆರದ ಹಾಗೆ ನೋಡ್ಕೋಬೇಕು. ಯಾವ ದಿನ ಯಾವ ಬಣ್ಣದ ಪೂಜಾವಸ್ತ್ರ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲಕ್ಕೆ ನೇರಳೆ, ರಕ್ತಸಾಕ್ಷಿಗಳ ದಿನ ಕೆಂಪು, ಪುಸ್ತಕದಲ್ಲಿ ರಿಬ್ಬನ್ ಸರಿಯಾದ ಪುಟಕ್ಕೆ ಇಡೋದು, ಹೋದ ವರ್ಷದ ಗರಿಗಳ ಭಾನುವಾರದ ಗರಿಗಳನ್ನ ಕೂಡಿಟ್ಟು ಸುಟ್ಟು ಬೂದಿ ಬುಧವಾರಕ್ಕೆ ಬೂದಿ ಮಾಡಿಡೋದು. ಇದೆಲ್ಲ ತಾನಾಗೇ ಆಗತ್ತೆ ಅಂತ ಜನ ಅಂದ್ಕೊಂಡಿರ್ತಾರೆ.

ಥ್ಯಾಂಕ್ಸ್ ವಿಷಯ: ಆಂಟಿಗೆ ವೇದಿಕೆ ಮೇಲೆ ಶಾಲು ಹೊದಿಸಿದ್ರೆ ಅವ್ರಿಗೆ ಮುಜುಗರ ಆಗತ್ತೆ. ನಾನು ಮಾಡೋದು ಇಷ್ಟೇ, ಜೊತೇಲಿ ಕೂತು ಇಸ್ತ್ರಿ ಮಾಡ್ತೀನಿ, ಅವ್ರಿಗೆ ಗೊತ್ತಿರೋದನ್ನ ಕಲೀತೀನಿ. ಅವ್ರಿಗೆ ಅದೇ ಖುಷಿ.

---

ಹಳೇ ರಿಜಿಸ್ಟರ್ ಬರೆದದ್ದು:

ಹಿಂದಿನ ಬೆಂಚು ಅವ್ರು ಹೇಳಿದ "ಆರಿಸ್ಕೊಂಡಿಲ್ಲ" ಅನ್ನೋದು ಬರೀ ಅನಿಸಿಕೆ ಅಲ್ಲ, ಧರ್ಮಸಭೆಯ ಕಾನೂನೇ ಹಾಗಿದೆ. 1983ರ ಕ್ಯಾನನ್ ಕಾನೂನು ಸಂಹಿತೆಯ 518ನೇ ವಿಧಿ ಪ್ರಕಾರ ಧರ್ಮಕೇಂದ್ರ ಅನ್ನೋದು ಸಾಮಾನ್ಯವಾಗಿ ಒಂದು ಎಲ್ಲೆಗೆ ಸೇರಿದ್ದು, ಆ ಎಲ್ಲೆ ಒಳಗೆ ವಾಸ ಇರೋ ಎಲ್ಲಾ ವಿಶ್ವಾಸಿಗಳೂ ಅದರೊಳಗೆ ಬರ್ತಾರೆ. ಭಾಷೆ, ಪೂಜಾಪದ್ಧತಿ ಅಂತ ಬೇರೆ ಥರದ ಧರ್ಮಕೇಂದ್ರಗಳೂ ಇರಬಹುದು, ಆದ್ರೆ ಮೂಲ ನಿಯಮ ಇದು. ನೀವು ಯಾರು, ಎಷ್ಟು ಕೊಡ್ತೀರಿ, ಎಷ್ಟು ಭಕ್ತಿ ಇದೆ ಅಂತ ಯಾರೂ ಕೇಳಲ್ಲ, ಆ ಎಲ್ಲೆಯೊಳಗೆ ನಿಮ್ಮ ಮನೆ ಇದ್ರೆ ನೀವು ಅಲ್ಲಿಯವರು, ಅಷ್ಟೇ.

ನಾನು ಬಹಳ ಕಾಲ ಚರ್ಚ್ ಆಫೀಸಲ್ಲಿ ದಾಖಲೆ ಬರೆಯೋ ಕೆಲಸಕ್ಕೆ ಕೂತಿದ್ದೆ. ನನಗೆ ಧರ್ಮಕೇಂದ್ರದಲ್ಲಿ ಅತಿ ಪ್ರೀತಿಯ ವಸ್ತು ಅಂದ್ರೆ ದೀಕ್ಷಾಸ್ನಾನದ (ಬ್ಯಾಪ್ಟಿಸಂನ) ರಿಜಿಸ್ಟರ್. ಬಿಷಪ್‌ಗಳು ಸೇರಿದ್ದ ಟ್ರೆಂಟ್ ಮಹಾಸಭೆ 1563ರಲ್ಲಿ ದೀಕ್ಷಾಸ್ನಾನ, ಮದುವೆಗಳನ್ನ ಪುಸ್ತಕದಲ್ಲಿ ಬರೆದಿಡ್ಬೇಕು ಅಂತ ಎಲ್ಲಾ ಧರ್ಮಕೇಂದ್ರಗಳಿಗೂ ನಿಯಮ ಮಾಡ್ತು, ಆವಾಗಿಂದ ಗುರುಗಳು ಬರೀತಾನೇ ಬಂದಿದಾರೆ. ಈಗಿನ 535ನೇ ವಿಧಿ ಪ್ರಕಾರ ದೀಕ್ಷಾಸ್ನಾನದ ಪುಸ್ತಕದಲ್ಲಿ ಆ ವ್ಯಕ್ತಿ ಹೆಸರಿನ ಪಕ್ಕದಲ್ಲೇ ಮುಂದೆ ದೃಢೀಕರಣ (ಕನ್ಫರ್ಮೇಶನ್) ಆಗಿದ್ದು, ಮದುವೆ ಆಗಿದ್ದು, ಗುರುದೀಕ್ಷೆ ಆಗಿದ್ದು ಎಲ್ಲಾ ಬರೀಬೇಕು, ಅವ್ರು ಲೋಕದ ಯಾವ ಮೂಲೇಲಿ ಮದುವೆ ಆದ್ರೂ ಅಲ್ಲಿಂದ ಸುದ್ದಿ ಇಲ್ಲಿಗೆ ಬರತ್ತೆ, ಇಲ್ಲಿ ಅಂಚಲ್ಲಿ ಒಂದು ಸಾಲು ಸೇರತ್ತೆ. ಶ್ರೀಮಂತರ ಮಗೂಗೆ ದೊಡ್ಡ ಜಾಗ, ಕೂಲಿಯವರ ಮಗೂಗೆ ಚಿಕ್ಕ ಜಾಗ ಅಂತಿಲ್ಲ. ಎಲ್ರಿಗೂ ಒಂದೇ ಅಳತೆಯ ಸಾಲು. ಅಪ್ಪ ಯಾರು ಅಂತ ಗೊತ್ತಿಲ್ಲದ ಮಕ್ಕಳ ಹೆಸರೂ ಅದೇ ಪುಟದಲ್ಲಿದೆ. ಊರು ಬಿಟ್ಟು ಹೋಗಿ ಎಷ್ಟೋ ವರ್ಷ ಆದೋರು ಒಂದು ಸರ್ಟಿಫಿಕೇಟ್‌ಗೆ ಅಂತ ಬಂದು ಆ ಪುಟ ನೋಡಿ ಅಮ್ಮನ ಹೆಸರ ಮೇಲೆ ಬೆರಳಿಟ್ಟು ಸುಮ್ಮನೆ ನಿಂತುಬಿಡೋದನ್ನ ನಾನು ನೋಡಿದೀನಿ, ಅವ್ರು ಅಳೋ ಮುಂಚೆ ನಾನು ಬೇರೆ ಫೈಲ್ ಹುಡುಕೋಕೆ ಎದ್ದು ಹೋಗ್ತಿದ್ದೆ.

ಆಫೀಸಿನೋರಿಗೆ ಥ್ಯಾಂಕ್ಸ್ ಹೇಳ್ಬೇಕಾ? ಮನೆ ಬದಲಾಯಿಸಿದ್ರೆ ಅಡ್ರೆಸ್ ಕೊಡಿ, ಸರ್ಟಿಫಿಕೇಟ್ ನಾಳೆನೇ ಬೇಕು ಅಂತ ಹಿಂದಿನ ದಿನ ರಾತ್ರಿ ಫೋನ್ ಮಾಡ್ಬೇಡಿ. ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

---

ಅಮ್ಮನ ಜೊತೆ ಬರೆದದ್ದು:

ಇದನ್ನ ಓದಿ ನಾನೂ ಬರೀಲೇಬೇಕು ಅನ್ಸ್ತು. ನಮ್ಮಮ್ಮ ಮನೆಯಿಂದ ಆಚೆ ಬರೋಕಾಗಲ್ಲ, ಸ್ಟ್ರೋಕ್ ಆದ್ಮೇಲೆ ಎಡಗಡೆ ಸ್ವಾಧೀನ ಇಲ್ಲ, ಮಾತೂ ಅಷ್ಟಕ್ಕಷ್ಟೆ. ನಾನೊಬ್ಬಳೇ ನೋಡ್ಕೋತೀನಿ, ಹಾಗಾಗಿ ಭಾನುವಾರದ ಪೂಜೆಗೆ ನನಗೂ ಹೋಗೋಕಾಗೋದು ಕಡಿಮೆ. ಪ್ರತಿ ಭಾನುವಾರ ಪೂಜೆ ಆದ್ಮೇಲೆ ನಮ್ಮ ಧರ್ಮಕೇಂದ್ರದ ಒಬ್ಬರು ಸಾರ್ ಕತ್ತಲ್ಲಿ ಒಂದು ಚಿಕ್ಕ ಡಬ್ಬಿ ಹಾಕ್ಕೊಂಡು ಮನೆಗೆ ಬರ್ತಾರೆ, ಅದ್ರಲ್ಲಿ ಅಮ್ಮನಿಗೆ ಪರಮಪ್ರಸಾದ. ಅವ್ರು ಗುರುಗಳಲ್ಲ, ಬ್ಯಾಂಕ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದೋರು. ಜನಸಾಮಾನ್ಯರಿಗೆ ಈ ಸೇವೆ ಕೊಡಬಹುದು ಅಂತ ರೋಮ್‌ನಿಂದ 1973ರಲ್ಲಿ ಅನುಮತಿ ಬಂತು. ಆದ್ರೆ ಪೂಜೆಗೆ ಬರೋಕಾಗದೆ ಇದ್ದೋರಿಗೆ ಪರಮಪ್ರಸಾದ ಮನೆಗೆ ಕಳಿಸೋದು ಮಾತ್ರ ಎಷ್ಟು ಹಳೇದು ಅಂದ್ರೆ ಎರಡನೇ ಶತಮಾನದಲ್ಲೇ ಸಂತ ಜಸ್ಟಿನ್ ರೋಮ್ ಚಕ್ರವರ್ತಿಗೆ ಕ್ರೈಸ್ತರು ಭಾನುವಾರ ಏನು ಮಾಡ್ತಾರೆ ಅಂತ ವಿವರಿಸಿ ಬರೆದಾಗ ಇದನ್ನೂ ಬರೆದಿದಾರೆ, ಬಾರದೆ ಇರೋರಿಗೆ ಡೀಕನ್‌ಗಳು (ಸಭೆಯ ಸೇವೆಗೆ ನೇಮಕ ಆದೋರು) ಒಯ್ದು ಕೊಡ್ತಾರೆ, ಕೂಡಿಸಿದ ಹಣದಲ್ಲಿ ಅನಾಥರನ್ನ, ವಿಧವೆಯರನ್ನ, ರೋಗಿಗಳನ್ನ, ಜೈಲಲ್ಲಿರೋರನ್ನ, ಪರಸ್ಥಳದವರನ್ನ ನೋಡ್ಕೋತಾರೆ ಅಂತ. ಇದನ್ನ ಒಂದು ರಿಟ್ರೀಟಲ್ಲಿ ಕೇಳಿದಾಗಿಂದ ನನಗೆ ಆ ಸಾರ್ ಗೇಟ್ ತೆಗೆಯೋ ಸದ್ದು ಕೇಳಿದ್ರೆ ಮೈ ಜುಂ ಅನ್ನತ್ತೆ.

ಅವ್ರು ಬಂದು ಓಡಿ ಹೋಗಲ್ಲ. ಆವತ್ತಿನ ಶುಭಸಂದೇಶ ಅಮ್ಮನಿಗೆ ಕೇಳೋ ಹಾಗೆ ಜೋರಾಗಿ ನಿಧಾನವಾಗಿ ಓದ್ತಾರೆ, ಪರಲೋಕ ಪ್ರಾರ್ಥನೆ ಹೇಳುವಾಗ ಅಮ್ಮನ ತುಟಿ ಅಲ್ಲಾಡೋವರೆಗೂ ಕಾಯ್ತಾರೆ. ಮಾತು ಬಾರದೋರ ಜೊತೆ ಕಾಯೋಕೆ ಎಷ್ಟು ತಾಳ್ಮೆ ಬೇಕು ಅಂತ ನೋಡ್ಕೊಂಡೋರಿಗೇ ಗೊತ್ತು. ಆಮೇಲೆ ಚರ್ಚಲ್ಲಿ ಏನೇನಾಯ್ತು, ಯಾರ ಮಗಳಿಗೆ ಮದುವೆ ಗೊತ್ತಾಯ್ತು, ಯಾರು ತೀರ್ಕೊಂಡ್ರು ಅಂತೆಲ್ಲ ಹೇಳ್ತಾರೆ. ಅಮ್ಮ ಆ ಚರ್ಚಿನ ಸದಸ್ಯೆಯಾಗೇ ಉಳಿದಿರೋದು ಅವ್ರಿಂದ. ಹಬ್ಬದ ದಿನ ಗಾನವೃಂದದ ಮಕ್ಕಳು ಮೂರ್ನಾಕು ಜನ ಬಂದು ಬಾಗಿಲಲ್ಲಿ ನಿಂತು ಹಾಡಿ ಹೋಗ್ತಾರೆ, ಅವ್ರಿಗೆ ಯಾರೂ ಹೇಳಿ ಕಳಿಸಿದ್ದಲ್ಲ.

ನಾನು ಥ್ಯಾಂಕ್ಸ್ ಹೇಳೋದು ಹೇಗೆ ಅಂದ್ರೆ, ಅಮ್ಮನೇ ಹೇಳ್ತಾರೆ. ಬಲಗೈ ಎತ್ತಿ ಅವ್ರ ತಲೆ ಮೇಲಿಟ್ಟು ಹಣೆಗೆ ಶಿಲುಬೆ ಗುರುತು ಹಾಕ್ತಾರೆ. ಅವ್ರು ತಲೆ ಬಗ್ಗಿಸಿ ನಿಲ್ತಾರೆ.

---

ನೇರಮಾತು ಬರೆದದ್ದು:

ಬರೆದಿರೋದೆಲ್ಲ ಓದಿದೆ, ಖುಷಿ ಆಯ್ತು, ಇಂಥೋರು ನಮ್ಮಲ್ಲೂ ಇದಾರೆ. ಆದ್ರೂ ಒಂದು ಮಾತು. ಒಳ್ಳೇದನ್ನ ಹೊಗಳೋ ಅಭ್ಯಾಸ ಹೆಚ್ಚಾಗಿ ಕೆಟ್ಟದ್ದರ ಬಗ್ಗೆ ಬಾಯಿ ಮುಚ್ಚಿಸೋಕೆ ಬಳಕೆ ಆಗಿದ್ದನ್ನ ನಾನು ನೋಡಿದೀನಿ. ನಾನು ಮೊದಲಿದ್ದ ಒಂದು ಧರ್ಮಕೇಂದ್ರದಲ್ಲಿ ಲೆಕ್ಕ ಕೇಳಿದ್ರೆ "ಚರ್ಚ್ ಬಗ್ಗೆ ನೆಗೆಟಿವ್ ಮಾತಾಡ್ಬೇಡಿ, ಎಷ್ಟು ಸೇವೆ ನಡೀತಿದೆ ನೋಡಿ" ಅನ್ನೋರು. ಲೆಕ್ಕ ಕೇಳೋದು ನೆಗೆಟಿವ್ ಹೇಗಾಗತ್ತೆ? 537ನೇ ವಿಧಿ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. 212ನೇ ವಿಧಿ ಪ್ರಕಾರ ಧರ್ಮಸಭೆಯ ಒಳಿತಿನ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನ ಗುರುಗಳಿಗೆ, ಧರ್ಮಾಧ್ಯಕ್ಷರಿಗೆ ತಿಳಿಸೋದು ವಿಶ್ವಾಸಿಗಳ ಹಕ್ಕು, ಕೆಲವು ಸಲ ಕರ್ತವ್ಯ ಕೂಡ. ಮಕ್ಕಳ ಸುರಕ್ಷತೆ ವಿಷಯದಲ್ಲಂತೂ ಸುಮ್ಮನಿರೋದು ಪಾಪ. ಪೋಪ್ ಫ್ರಾನ್ಸಿಸ್ 2019ರಲ್ಲಿ ಪ್ರತಿ ಧರ್ಮಪ್ರಾಂತ್ಯದಲ್ಲೂ ದೂರು ಕೊಡೋಕೆ ಜನರಿಗೆ ಸುಲಭವಾಗಿ ಸಿಗೋ ವ್ಯವಸ್ಥೆ ಇರ್ಬೇಕು ಅಂತ ಕಾನೂನು ಮಾಡಿದ್ರು. ಇದನ್ನೂ ಸೇರಿಸಿ ಮಾತಾಡೋಣ.

---

ಹಿಂದಿನ ಬೆಂಚು ಬರೆದದ್ದು:

@ನೇರಮಾತು, ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಬರೆದಿದ್ದು ಒಳ್ಳೇದಾಯ್ತು. ನಾನು ಒಳ್ಳೇದು ಕೇಳಿದ್ದು ಕೆಟ್ಟದ್ದನ್ನ ಮುಚ್ಚೋಕಲ್ಲ. ನನಗೆ ಅನ್ಸೋದು, ಒಳ್ಳೇದನ್ನ ಬಿಡಿಸಿ ಹೇಳೋಕೆ ಬಂದ್ರೇನೇ ತಪ್ಪನ್ನೂ ಬಿಡಿಸಿ ಹೇಳೋಕೆ ಬರತ್ತೆ. "ನಮ್ಮ ಚರ್ಚ್ ಸೂಪರ್" ಅನ್ನೋದೂ "ಚರ್ಚಲ್ಲಿ ಏನೂ ಸರಿ ಇಲ್ಲ" ಅನ್ನೋದೂ ಎರಡೂ ನೋಡದೆ ಹೇಳೋ ಮಾತು. ಮೇಲೆ ಬಟ್ಟೆ ಒಗೆಯೋ ಆಂಟಿ ಬಗ್ಗೆ ಬರೆದಿದಾರಲ್ಲ, ಆ ಥರ ಹತ್ತಿರದಿಂದ ನೋಡಿದೋರು ಲೆಕ್ಕ ಪುಸ್ತಕವನ್ನೂ ಹತ್ತಿರದಿಂದ ನೋಡ್ತಾರೆ. ನೀವು ಲೆಕ್ಕ ಕೇಳಿದ್ದೂ ಆ ಸಮುದಾಯಕ್ಕೆ ಮಾಡಿದ ಸೇವೆನೇ, ನಿಮಗೂ ಯಾರಾದ್ರೂ ಥ್ಯಾಂಕ್ಸ್ ಹೇಳ್ಬೇಕಿತ್ತು.

---

ವಾರದ ಭೇಟಿ ಬರೆದದ್ದು:

ಸಂತ ವಿನ್ಸೆಂಟ್ ದೆ ಪೌಲ್ ಸಭೆ ಬಗ್ಗೆ ಯಾರೂ ಹೇಳಲಿಲ್ಲ ಅಂತ ಬರೀತಿದೀನಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಒಝಾನಾಂ ಅನ್ನೋ ಇಪ್ಪತ್ತು ವರ್ಷದ ಸ್ಟೂಡೆಂಟ್ ತನ್ನ ಜೊತೆಗಾರರ ಜೊತೆ ಶುರು ಮಾಡಿದ್ದು ಇದು. ನಿಮ್ಮ ಧರ್ಮಸಭೆ ಹಿಂದೆ ಏನೋ ಮಾಡಿತ್ತು, ಈಗ ಬಡವರಿಗೆ ಏನು ಮಾಡ್ತಿದೆ ಅಂತ ಚರ್ಚಾಕೂಟದಲ್ಲಿ ಬೇರೆ ಹುಡುಗರು ಕೇಳಿದ್ರಂತೆ, ಇವ್ರು ವಾದ ಮಾಡೋದು ಬಿಟ್ಟು ಬಡವರ ಮನೆಗಳಿಗೆ ಹೋದ್ರು. ಹೇಗೆ ಹೋಗ್ಬೇಕು, ಹೇಗೆ ಮಾತಾಡ್ಬೇಕು ಅಂತ ಕಲಿಸಿದ್ದು ರೊಸಾಲಿ ರೆಂದು ಅನ್ನೋ ಸಿಸ್ಟರ್.

ಈಗಲೂ ನಾವು ಮಾಡೋದು ಅದೇ. ಇಬ್ಬಿಬ್ಬರಾಗಿ ಮನೆ ಭೇಟಿ, ದುಡ್ಡು ಕೊಟ್ಟು ಬರೋದಲ್ಲ, ಕೂತು ಕೇಳೋದು. ಯಾರ ಮನೆಗೆ ಹೋದ್ವಿ ಅಂತ ಎಲ್ಲೂ ಹೇಳಲ್ಲ, ಫೋಟೋ ಇಲ್ಲ, ಭಾನುವಾರ ಆ ಕುಟುಂಬ ನಮ್ಮ ಪಕ್ಕದ ಬೆಂಚಲ್ಲೇ ಕೂತಿರತ್ತೆ, ಯಾರಿಗೂ ಗೊತ್ತಿರಲ್ಲ. ನಮ್ಮ ಧರ್ಮಕೇಂದ್ರದಲ್ಲಿ ನನಗೆ ಹೆಮ್ಮೆ ಅನ್ಸೋದು ಇದೇ, ಸಹಾಯ ತಗೊಂಡೋರು ತಲೆ ತಗ್ಗಿಸಬೇಕಾಗಿಲ್ಲ. ಈಗ ನಮ್ಮ ಜೊತೆ ಭೇಟಿಗೆ ಬರೋ ಒಬ್ಬರು ಮೊದಲು ನಾವೇ ಭೇಟಿಗೆ ಹೋಗ್ತಿದ್ದ ಮನೆಯವರು. ಥ್ಯಾಂಕ್ಸ್ ನಮಗೆ ಬೇಡ, ಬಾಗಿಲ ಹತ್ರ ಇರೋ ಪೆಟ್ಟಿಗೆಯಲ್ಲಿ ಆದಷ್ಟು ಹಾಕಿ. ಪಕ್ಕದ ಮನೆಯಲ್ಲಿ ಕಷ್ಟ ಇದ್ರೆ ನಮ್ಮ ಕಿವಿಗೆ ಹಾಕಿ.

---

ಹೊಸಬಳು ಬರೆದದ್ದು:

ನಾನು ಹುಟ್ಟು ಕಥೋಲಿಕಳಲ್ಲ. ದೊಡ್ಡವಳಾದ್ಮೇಲೆ ಪಾಸ್ಕ ಜಾಗರಣೆ ರಾತ್ರಿ, ಅಂದ್ರೆ ಈಸ್ಟರ್ ಹಿಂದಿನ ರಾತ್ರಿ, ದೀಕ್ಷಾಸ್ನಾನ ಪಡೆದೋಳು. ನಿಮಗೆಲ್ಲ ಅಭ್ಯಾಸ ಆಗಿರೋದು ನನಗೆ ಇನ್ನೂ ಹೊಸದು, ಅದಕ್ಕೇ ಕೆಲವು ಸಂಗತಿ ನನಗೆ ಬೇಗ ಕಾಣತ್ತೇನೋ.

ವಯಸ್ಕರನ್ನ ಸೇರಿಸ್ಕೊಳ್ಳೋ ವಿಧಿ ಹಳೇ ಕಾಲದಲ್ಲಿ ಇತ್ತು, ಎರಡನೇ ವ್ಯಾಟಿಕನ್ ಮಹಾಸಭೆ ಅದನ್ನ ಮತ್ತೆ ತರಬೇಕು ಅಂತ ಹೇಳಿದ್ಮೇಲೆ 1972ರಲ್ಲಿ ಈಗಿನ ರೂಪದಲ್ಲಿ ಬಂತು. ಇದ್ರಲ್ಲಿ ಒಬ್ರೇ ಫಾದರ್ ಹತ್ರ ಹೋಗಿ ಪಾಠ ಕಲಿತು ಬರೋದಲ್ಲ, ಇಡೀ ಸಮುದಾಯದ ಮುಂದೆ ಹಂತ ಹಂತವಾಗಿ ನಡೆಯತ್ತೆ. ತಪಸ್ಸುಕಾಲದ ಮೂರನೇ, ನಾಲ್ಕನೇ, ಐದನೇ ಭಾನುವಾರ ನಮ್ಮನ್ನ ಮುಂದೆ ಕರೆದು ನಿಲ್ಲಿಸಿ ಇಡೀ ಸಭೆ ನಮಗೋಸ್ಕರ ಪ್ರಾರ್ಥನೆ ಮಾಡ್ತು. ನನ್ನ ಹೆಸರೂ ಗೊತ್ತಿಲ್ಲದ ಇಷ್ಟೊಂದು ಜನ ನನಗೋಸ್ಕರ ಒಟ್ಟಿಗೆ ಮೊಣಕಾಲೂರಿದ್ದು ಅದಕ್ಕೆ ಮುಂಚೆ ನನ್ನ ಜೀವನದಲ್ಲಿ ಆಗಿರಲಿಲ್ಲ. ನಮ್ಮ ಮನೆಯವರು ಯಾರೂ ಬಂದಿರಲಿಲ್ಲ, ಅವ್ರಿಗೆ ಬೇಜಾರಿತ್ತು, ಅದು ನನಗೆ ಅರ್ಥ ಆಗತ್ತೆ. ಜಾಗರಣೆ ರಾತ್ರಿ ನನ್ನ ಗಾಡ್‌ಮದರ್ ನನ್ನ ಹೆಗಲ ಮೇಲೆ ಕೈ ಇಟ್ಕೊಂಡೇ ನಿಂತಿದ್ರು, ಪೂಜೆ ಆದ್ಮೇಲೆ ನಮ್ಮ ಮನೆಗೆ ಅಂತ ಕರ್ಕೊಂಡು ಹೋದ್ರು. ಈಗ್ಲೂ ನನ್ನ ಕಷ್ಟಸುಖಕ್ಕೆಲ್ಲ ಅವರೇ.

ನನಗೆ ಇನ್ನೊಂದು ತುಂಬಾ ಇಷ್ಟ ಆಗೋದು ಭಾನುವಾರದ ಪೂಜೇಲಿ ಬೈಬಲ್‌ನಿಂದ ಓದೋ ವಾಚನಗಳು. ಮೂರು ವರ್ಷದ ಚಕ್ರ, ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ, ನಡುವೆ ತಪಸ್ಸುಕಾಲದಲ್ಲಿ, ಪಾಸ್ಕ ಕಾಲದಲ್ಲಿ ಯೊವಾನ್ನ. ನಮ್ಮ ಚರ್ಚಲ್ಲಿ ವಾಚನ ಓದೋ ಒಬ್ಬರು ಅಂಕಲ್‌ಗೆ ತೊದಲು ಇದೆ. ಅವ್ರು ಶುಕ್ರವಾರದಿಂದಲೇ ಪ್ರಾಕ್ಟೀಸ್ ಮಾಡ್ತಾರಂತೆ. ಓದುವಾಗ ಒಂದು ಪದಕ್ಕೆ ಸಿಕ್ಕಿ ನಿಂತ್ರೆ ಇಡೀ ಚರ್ಚ್ ಉಸಿರು ಬಿಗಿ ಹಿಡಿದು ಕಾಯತ್ತೆ, ಮಕ್ಕಳು ಕೂಡ ನಗಲ್ಲ. "ಪ್ರಭುವಿನ ವಾಕ್ಯವಿದು" ಅಂತ ಅವ್ರು ಮುಗಿಸಿದಾಗ ನಾವು "ದೇವರಿಗೆ ಕೃತಜ್ಞತೆ ಸಲ್ಲಲಿ" ಅನ್ನೋದು ಬೇರೆ ದಿನಕ್ಕಿಂತ ಜೋರಾಗೇ ಬರತ್ತೆ. ಅದೇ ಅವ್ರಿಗೆ ನಮ್ಮ ಥ್ಯಾಂಕ್ಸ್ ಅಂತ ನಾನು ತಿಳ್ಕೊಂಡಿದೀನಿ.

---

ಒಬ್ಬ ಗುರು ಬರೆದದ್ದು:

ನಾನು ಒಂದು ಧರ್ಮಕೇಂದ್ರದಲ್ಲಿ ಸೇವೆ ಮಾಡ್ತಿರೋ ಗುರು. ನೀವೆಲ್ಲ ಬರೆದಿದ್ದನ್ನ ಓದಿ ನಮ್ಮ ಕಡೆಯಿಂದಲೂ ಒಂದೆರಡು ಮಾತು ಹೇಳೋಣ ಅಂತ.

ಜನರಿಗೆ ಹೆಚ್ಚಾಗಿ ಗೊತ್ತಿಲ್ಲದ ಒಂದು ವಿಷಯ ಇದೆ. ಪ್ರತಿ ಭಾನುವಾರ ಮತ್ತು ಕಡ್ಡಾಯ ಹಬ್ಬದ ದಿನಗಳಲ್ಲಿ ಧರ್ಮಕೇಂದ್ರದ ಗುರು ಒಂದು ಬಲಿಪೂಜೆಯನ್ನ ತನಗೆ ಒಪ್ಪಿಸಿರೋ ಜನರಿಗೋಸ್ಕರವೇ ಅರ್ಪಿಸಬೇಕು, ಅದು 534ನೇ ವಿಧಿ. ಅದಕ್ಕೆ ಕಾಣಿಕೆ ತಗೊಳ್ಳೋ ಹಾಗಿಲ್ಲ. ಪೂಜೆಗೆ ಬಂದೋರಿಗೆ ಮಾತ್ರ ಅಲ್ಲ, ಬರದೆ ಇರೋರಿಗೆ, ನನ್ನ ಮೇಲೆ ಕೋಪ ಇರೋರಿಗೆ, ಎಷ್ಟೋ ಕಾಲದಿಂದ ಚರ್ಚಿನ ಮೆಟ್ಟಿಲು ಹತ್ತದೆ ಇರೋರಿಗೆ, ಎಲ್ರಿಗೂ. ಆ ಪೂಜೇಲಿ ನಾನು ಬೀದಿ ಬೀದಿಯಾಗಿ ಮನೆಗಳನ್ನ ಮನಸ್ಸಲ್ಲಿ ನೆನಪು ಮಾಡ್ಕೋತೀನಿ. ಹಾಗಾಗಿ ಇದನ್ನ ಓದ್ತಿರೋ ಯಾರಿಗಾದ್ರೂ ನನ್ನನ್ನ ಯಾರೂ ನೆನೆಸ್ಕೊಳ್ಳಲ್ಲ ಅಂತ ಅನ್ಸಿದ್ರೆ, ಈ ಭಾನುವಾರ ನಿಮ್ಮ ಧರ್ಮಕೇಂದ್ರದಲ್ಲಿ ನಿಮಗೋಸ್ಕರ ಒಂದು ಬಲಿಪೂಜೆ ನಡೆಯತ್ತೆ.

529ನೇ ವಿಧಿ ಗುರುವಿಗೆ ಇನ್ನೂ ಹೇಳತ್ತೆ, ಕುಟುಂಬಗಳ ಮನೆಗೆ ಹೋಗ್ಬೇಕು, ಅವ್ರ ಚಿಂತೆ ದುಃಖಗಳಲ್ಲಿ ಪಾಲು ತಗೋಬೇಕು, ಸಾಯ್ತಿರೋರ ಪಕ್ಕ ಇರ್ಬೇಕು, ಬಡವರನ್ನ, ಒಂಟಿಯಾಗಿರೋರನ್ನ ಹುಡ್ಕೊಂಡು ಹೋಗ್ಬೇಕು ಅಂತ. ಇದನ್ನ ಒಬ್ಬನ ಕೈಲಿ ಮಾಡೋಕಾಗಲ್ಲ. ಮೇಲೆ ಬರೆದಿರೋ ಸಾರ್, ಆಂಟಿ, ವಿನ್ಸೆಂಟ್ ಸಭೆಯವರು ಇಲ್ಲದೆ ಇದ್ರೆ ಆ ವಿಧಿ ಕಾಗದದ ಮೇಲೇ ಉಳಿಯತ್ತೆ. ರಾತ್ರಿ ಆಸ್ಪತ್ರೆಯಿಂದ ಫೋನ್ ಬಂದು ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸೋ ಅಭ್ಯಂಗ ಸಂಸ್ಕಾರಕ್ಕೆ ಹೋದಾಗ ಅಲ್ಲಿ ಆಗಲೇ ನಮ್ಮ ವಾರ್ಡಿನ ಇಬ್ಬರು ಹೆಂಗಸರು ಆ ಮನೆಯವರ ಜೊತೆ ಜಪಸರ ಹೇಳ್ತಾ ಕೂತಿರ್ತಾರೆ, ನಾನು ಹೋಗೋ ಮುಂಚೇನೇ ಧರ್ಮಸಭೆ ಅಲ್ಲಿಗೆ ಹೋಗಿರತ್ತೆ.

ಗುರುಗಳಿಗೆ ಥ್ಯಾಂಕ್ಸ್ ಹೇಳೋದು ಹೇಗೆ ಅಂತ ಕೇಳಿದ್ರೆ, ವರ್ಗಾವಣೆ ದಿನದ ಭಾಷಣಕ್ಕೆ ಕಾಯ್ಬೇಡಿ. ಪ್ರಬೋಧನೆಯಲ್ಲಿ ಯಾವುದಾದ್ರೂ ಒಂದು ಮಾತು ನಿಮ್ಮ ವಾರದಲ್ಲಿ ಕೆಲಸಕ್ಕೆ ಬಂದ್ರೆ ಅದು ಯಾವ ಮಾತು ಅಂತ ಹೇಳಿ. ಉದ್ದ ಆಗಿದ್ರೆ ಅದನ್ನೂ ಹೇಳಿ, ಕೇಳ್ತೀವಿ. @ನೇರಮಾತು ಅವ್ರೇ, ನಿಮ್ಮಂಥೋರು ನಮ್ಮ ಹಣಕಾಸು ಸಮಿತಿಯಲ್ಲಿದ್ರೆ ನಾನು ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ.

---

ನೇರಮಾತು ಬರೆದದ್ದು:

ಫಾದರ್, ಥ್ಯಾಂಕ್ಸ್. 534 ನನಗೆ ಗೊತ್ತಿರಲಿಲ್ಲ. ನಮ್ಮಣ್ಣ ಚರ್ಚ್ ಬಿಟ್ಟು ಬಹಳ ಕಾಲ ಆಯ್ತು, ಅವನಿಗೆ ಇದನ್ನ ಕಳಿಸ್ತೀನಿ.

---

ಮೊದಲ ಸಲ ಬರೆದದ್ದು:

@ಅಮ್ಮನ ಜೊತೆ, ಅಕ್ಕ, ಒಂದು ಸಹಾಯ ಬೇಕಿತ್ತು. ನಮ್ಮಪ್ಪನೂ ಈಗ ಎದ್ದು ಓಡಾಡೋ ಹಾಗಿಲ್ಲ. ಪರಮಪ್ರಸಾದ ಮನೆಗೆ ತರಿಸೋದು ಹೇಗೆ, ಯಾರನ್ನ ಕೇಳ್ಬೇಕು? ನಾವು ಈ ಏರಿಯಾಗೆ ಹೊಸಬರು, ಚರ್ಚಲ್ಲಿ ಯಾರೂ ಪರಿಚಯ ಇಲ್ಲ, ಕೇಳೋಕೆ ಸಂಕೋಚ. ಅಪ್ಪನಿಗೆ ಮಾತ್ರೆ ಟೈಮಿಗೆ ತಿಂಡಿ ಕೊಡಲೇಬೇಕು, ಅದಕ್ಕೇ ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಉಪವಾಸ ಅಂತಾರಲ್ಲ ಅದೂ ಯೋಚನೆ.

---

ಅಮ್ಮನ ಜೊತೆ ಬರೆದದ್ದು:

ಸಂಕೋಚ ಬೇಡಮ್ಮ. ನಿಮ್ಮ ಮನೆ ಯಾವ ಧರ್ಮಕೇಂದ್ರದ ಎಲ್ಲೆಗೆ ಬರತ್ತೋ ಅಲ್ಲಿಯ ಆಫೀಸಿಗೆ ಫೋನ್ ಮಾಡಿ "ಅಪ್ಪನಿಗೆ ಹುಷಾರಿಲ್ಲ, ಮನೆಗೆ ಪರಮಪ್ರಸಾದ ತರಬಹುದಾ" ಅಂತ ಕೇಳಿ ಸಾಕು. ಪರಿಚಯ ಇರಬೇಕಂತಿಲ್ಲ, ಹಳೇ ರಿಜಿಸ್ಟರ್ ಅವ್ರು ಹೇಳಿದಾರಲ್ಲ, ಮನೆ ಅಲ್ಲಿದ್ರೆ ನೀವು ಅಲ್ಲಿಯವರು. ಫಾದರ್ ಬಂದು ಒಂದ್ಸಲ ಪಾಪನಿವೇದನೆ ಕೇಳಿ ಅಭ್ಯಂಗ ಕೊಡಬಹುದಾ ಅಂತಾನೂ ಕೇಳಿ, ಅದು ಸಾಯೋರಿಗೆ ಮಾತ್ರ ಅಲ್ಲ, ಜೋರು ಕಾಯಿಲೆ ಇರೋರಿಗೂ ವಯಸ್ಸಾಗಿ ನಿಶ್ಶಕ್ತಿ ಆಗಿರೋರಿಗೂ ಕೊಡ್ತಾರೆ.

ಉಪವಾಸದ ಚಿಂತೆ ಬಿಡಿ. ವಯಸ್ಸಾದೋರಿಗೆ, ಕಾಯಿಲೆಯವರಿಗೆ, ಅವ್ರನ್ನ ನೋಡ್ಕೊಳ್ಳೋರಿಗೂ ಆ ಒಂದು ಗಂಟೆ ನಿಯಮ ಇಲ್ಲ, ಹಾಗಾಗಿ ನೀವೂ ಜೊತೇಲೇ ತಗೋಬಹುದು. ಹಾಸಿಗೆ ಪಕ್ಕ ಒಂದು ಚಿಕ್ಕ ಟೇಬಲ್, ಅದರ ಮೇಲೆ ಒಗೆದ ಬಟ್ಟೆ, ಒಂದು ಶಿಲುಬೆ, ಒಂದು ಮೇಣದಬತ್ತಿ, ನುಂಗೋಕೆ ಕಷ್ಟ ಇದ್ರೆ ಒಂದು ಲೋಟ ನೀರು. ಚೂರೇ ಚೂರು ಮುರಿದು ಕೊಡಿ ಅಂತ ಹೇಳಿ, ಕೊಡ್ತಾರೆ. ಟಿವಿ ಆಫ್ ಮಾಡಿ, ಅಪ್ಪನನ್ನ ದಿಂಬು ಕೊಟ್ಟು ಸ್ವಲ್ಪ ಎತ್ತಿ ಕೂರಿಸಿ, ಮಲಗಿದ ಹಾಗೇ ಕೊಟ್ರೆ ಗಂಟಲಿಗೆ ಸಿಕ್ಕತ್ತೆ. ಬಂದೋರಿಗೆ ಅಪ್ಪನ ಹೆಸರು ಮೊದಲೇ ಹೇಳಿ, ಹೆಸರು ಹಿಡಿದು ಕರೆದ್ರೆ ಅವ್ರ ಕಣ್ಣು ಬೇಗ ತೆರೆಯತ್ತೆ. ಫೋನ್ ಮಾಡಿ ಏನಾಯ್ತು ಅಂತ ಇಲ್ಲೇ ಬರೀರಿ, ಆಗದೆ ಇದ್ರೆ ಬೇರೆ ಹೇಗೆ ಅಂತ ನೋಡೋಣ.